ಅವ್ವನ ಗದ್ದದ ಚುಕ್ಕೆ

ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಉಜ್ವಲಾಳ ಗೊಂಬೆಯ ಗದ್ದ ಇನ್ನೂ ಬೋಳಾಗಿತ್ತು.

ಐಗಳಿಯ ಈ ಕುರಿಗಾರರ ಮನೆಯಲ್ಲಿ ಗಂಡನ ಮನೆಗೆ ಹೊರಟ ಹುಡುಗಿ ಅವ್ವನ ಹಳೆ ಸೀರೆ ಹರಿದು, ಕುರಿಯ ಉಣ್ಣೆ ತುಂಬಿ, ತಾನೇ ಒಂದು ಗೊಂಬೆ ಹೊಲಿದುಕೊಂಡು ಹೋಗಬೇಕು. ಕೊನೆಗೆ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಅವಳ ಗದ್ದದ ಹಚ್ಚೆ ನೋಡುತ್ತ ಹಸಿರು ದಾರದಲ್ಲಿ ಅಷ್ಟೂ ಚುಕ್ಕೆ ಹಾಕಬೇಕು. ಎಣಿಸುವಂತಿಲ್ಲ, ಎಣಿಸಿದರೆ ಅವ್ವನ ಆಯುಷ್ಯ ಕಡಿಮೆಯಾಗುತ್ತದಂತೆ. ಒಂದು ನೋಡಬೇಕು, ಒಂದು ಹೊಲಿಯಬೇಕು. ಇಂಥ ನೇಮ ಮಾಡಿಟ್ಟ ಪುಣ್ಯಾತ್ಗಿತ್ತಿ ಯಾರೋ, ಸಿಕ್ಕಿದ್ದರೆ ನಾಲ್ಕು ಮಾತು ಕೇಳಬೇಕಿತ್ತು.

ಹೊಳೆವ್ವ ಎರಡು ವರ್ಷದಿಂದ ಮಗಳ ಬೆನ್ನು ಹತ್ತಿದ್ದಳು. "ಬಾರಬೇ, ಚುಕ್ಕಿ ಹಾಕ್ಕೊಂಡ್ಬಿಡು."

"ತಡೀಬೇ ಯವ್ವಾ, ನೀ ಎಲ್ಲಿ ಓಡಿ ಹೊಂಟಿ?" ಎಂದು ಉಜ್ವಲಾ ನಗುತ್ತಿದ್ದಳು.

ದಿನಾ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುತ್ತಿದ್ದ ಹೊಳೆವ್ವನ ಬಾಯಲ್ಲಿ ಹುಣ್ಣಾಯಿತು. ಮಾಯಲಿಲ್ಲ. ದೀಪಾವಳಿ ಮುಂದೆ ಮಿರಜಿನಲ್ಲಿ ಡಾಕ್ಟರು ದವಡೆಯ ಜೊತೆ ಗದ್ದವನ್ನೂ ತೆಗೆದು, ತೊಡೆಯ ಚರ್ಮ ತಂದು ಹಚ್ಚಿದರು. ಮಾತೂ ಹೋಯಿತು. ಜೀವ ಉಳಿದರೆ ಸಾಕೆಂದು ಎಲ್ಲರೂ ಕೈಮುಗಿಯುತ್ತಿದ್ದಾಗ ಚುಕ್ಕೆಗಳ ನೆನಪು ಯಾರಿಗಿರುತ್ತದೆ?

ಅಣ್ಣ ಬೀರದೇವ ಮನೆಯ ಫೋಟೊಗಳನ್ನೆಲ್ಲ ಜಾಲಾಡಿದ. ಆಧಾರ್ ಕಾರ್ಡಿನಲ್ಲಿ ಗದ್ದ ಬರೀ ಕಪ್ಪು ಕಲೆ. ಉಳಿದವುಗಳಲ್ಲಿ ಹೊಳೆವ್ವ ನಾಚಿಕೊಂಡು ಬಾಯಿಗೆ ಸೆರಗು ಹಿಡಿದಿದ್ದಳು.

"ನಡುವ ಒಂದ, ಸುತ್ತ ಐದಿದ್ವು ಅಂತ ಕಾಣ್ತೈತಿ" ಎಂದ.

"ಹೆತ್ತವ್ವನ ಮಾರಿ, ಕಾಣ್ತೈತಿ ಅಂತೀಯಲ್ಲಣ್ಣಾ!" ಎಂದು ಉಜ್ವಲಾ ಹರಿಹಾಯ್ದಳು. ತನಗೂ ಗೊತ್ತಿಲ್ಲವೆಂಬ ಸಿಟ್ಟು ಅದು.

ಬೇರೆ ದಾರಿಯಿಲ್ಲದೆ ಅಣ್ಣ ಹೇಳಿದಂತೆಯೇ ನಡುವೆ ಒಂದು, ಸುತ್ತ ಐದು ಹೊಲಿದು ಅವ್ವನಿಗೆ ತೋರಿಸಿದಳು. "ಹಿಂಗ ಇತ್ತೇನಬೇ?"

ಹೊಳೆವ್ವ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿ, ಹೌದೆಂದು ತಲೆಯಾಡಿಸಿದಳು. ಉಜ್ವಲಾಳ ಕಣ್ಣು ತುಂಬಿ ಬಂತು. ಆದರೂ ಒಂದು ಸಂಶಯ ಸುಮ್ಮನಿರಗೊಡಲಿಲ್ಲ. ಒಳಗೆ ಹೋಗಿ ದಾರ ಬಿಚ್ಚಿ, ಈ ಸಲ ಒಂಬತ್ತು ಚುಕ್ಕೆ ಒತ್ತೊತ್ತಾಗಿ ಹೊಲಿದು ತಂದಳು.

ಹೊಳೆವ್ವ ಅದನ್ನೂ ಬೆಳಕಿಗೆ ಹಿಡಿದಳು. ಅದಕ್ಕೂ ಹೌದೆಂದಳು. ಆಮೇಲೆ ಬೇಡಿಕೊಳ್ಳುವವಳ ಹಾಗೆ ಮಗಳ ಮುಖವನ್ನೇ ನೋಡುತ್ತ, ಇನ್ನೊಮ್ಮೆ ಹೌದೆಂದಳು.