ವಿಶಾಲಾಕ್ಷಿ ಒಡೆದ ಮೊಟ್ಟೆ

ವಿಜಯಪುರದಿಂದ ಬಂದು ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ನೆಲೆಸಿದ ವಿಶಾಲಾಕ್ಷಿ ಜನ್ಮದಲ್ಲಿ ಮೊಟ್ಟೆ ಮುಟ್ಟಿದವಳಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅಂಗಡಿಯಲ್ಲಿ ಮೊಟ್ಟೆಯ ಟ್ರೇ ಕಂಡರೆ ಸೆರಗು ಬಿಗಿಮಾಡಿಕೊಂಡು ಮಾರು ದೂರ ಸರಿಯುವವಳು. ಅಂಥವಳು ಆ ಭಾನುವಾರ ಬೆಳಿಗ್ಗೆ ಮಗಳ ಪ್ರಯೋಗಾಲಯದಲ್ಲಿ ಆರು ಮೊಟ್ಟೆಗಳ ಮುಂದೆ ಕೂತಿದ್ದಳು.

ಮಗಳು ಲಹರಿ ಹಾವಿನ ವಿಷದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಆ ವಿಷದಲ್ಲಿ ಫಾಸ್ಫೊಲಿಪೇಸ್ ಎಂಬ ಕಿಣ್ವವಿದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಅದು ಕತ್ತರಿಸಿಹಾಕುತ್ತದೆ. ಅದನ್ನು ತಡೆಯುವ ಮದ್ದೊಂದನ್ನು ಲಹರಿ ಮೂರು ವರ್ಷ ಹೆಣಗಿ ತಯಾರಿಸಿದ್ದಳು. ಸೋಮವಾರ ಗೈಡಿಗೆ ಅದರ ಫಲ ತೋರಿಸದಿದ್ದರೆ ವಿಷಯವನ್ನೇ ಕೈಬಿಡಬೇಕು. ಗ್ರಹಚಾರಕ್ಕೆ ಸ್ಕೂಟಿ ಜಾರಿ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು. ಜೊತೆಯವರೆಲ್ಲ ರಜೆಗೆ ಊರು ಸೇರಿದ್ದರು.

"ಅವ್ವಾ, ವಿಷ ನಾನ ಎಡಗೈಲೆ ಹಾಕ್ತೀನಿ. ತತ್ತಿ ಒಡಿಯಾಕ ಎರಡೂ ಕೈ ಬೇಕು. ಪೊರಿಯೊಳಗಿನಂಥಾ ಕೊಬ್ಬು ಹಳದಿಯೊಳಗೂ ಐತಿ. ಬಿಳಿ ಲೋಳಿ ಒಂಚೂರೂ ಬರಬಾರದು."

ವಿಶಾಲಾಕ್ಷಿ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. "ಒಬ್ಬರ ಜೀವ ಉಳಿಯೂದಾದ್ರ ಶಿವ ಬ್ಯಾಡ ಅಂತಾನೇನು? ತಾ ಇಲ್ಲಿ."

ಮೊದಲ ಎರಡು ಅವಳ ಅಂಗೈಯಲ್ಲೇ ಒಡೆದು ರಾಡಿಯಾದವು. ವಾಸನೆಗೆ ಮೂಗಿನ ಮೇಲೆ ಸೆರಗು ಕಟ್ಟಿಕೊಂಡು ಮತ್ತೊಂದನ್ನು ಎತ್ತಿಕೊಂಡಳು. ಮೂರನೆಯದಕ್ಕೆ ಕೈ ಪಳಗಿತು. ಉಳಿದ ನಾಲ್ಕರ ಹಳದಿಯನ್ನೂ ಸೋಸುಕಾಗದದ ಮೇಲೆ ಮೆಲ್ಲಗೆ ಉರುಳಿಸಿ, ಲೋಳೆಯೆಲ್ಲ ಅದಕ್ಕೆ ಅಂಟುವಂತೆ ಮಾಡಿ, ಸೂಜಿಯಿಂದ ಚುಚ್ಚಿ ಒಳಗಿನ ರಸವನ್ನಷ್ಟೇ ಇಳಿಸಿದಳು. ಕಣಕ ಹರಿಯದಂತೆ ಮೂವತ್ತು ವರ್ಷ ಹೂರಣ ತುಂಬಿದ ಕೈ, ಸುಮ್ಮನೇ ಅಲ್ಲ.

"ನಮ್ಮ ಲ್ಯಾಬಿನ್ಯಾಗ ಯಾರಿಗೂ ಇಷ್ಟು ಚಂದ ಬರಂಗಿಲ್ಲವ್ವಾ" ಎಂದಳು ಲಹರಿ. ವಿಶಾಲಾಕ್ಷಿಗೆ ಒಳಗೊಳಗೇ ಹಿಗ್ಗು.

ಆ ರಸವನ್ನು ಅಗರ್ ಎಂಬ ಅಂಟಿನಲ್ಲಿ ಬೆರೆಸಿ ಹೆಪ್ಪುಗಟ್ಟಿಸಿದ ಹಳದಿ ತಟ್ಟೆಯಲ್ಲಿ ಎರಡು ಕುಳಿ. ಒಂದಕ್ಕೆ ಬರೀ ವಿಷ, ಇನ್ನೊಂದಕ್ಕೆ ವಿಷದ ಜೊತೆ ಮದ್ದು. ಸಂಜೆ ನೋಡಿದರೆ ಮೊದಲ ಕುಳಿಯ ಸುತ್ತ ಮಬ್ಬು ಕರಗಿ ತಿಳಿಯಾಗಿತ್ತು. ಎರಡನೆಯದರ ಸುತ್ತ ಕೂದಲೆಳೆಯಷ್ಟೂ ಕರಗಿರಲಿಲ್ಲ. ಮದ್ದು ಗೆದ್ದಿತ್ತು. ಲಹರಿ ಪ್ಲಾಸ್ಟರ್ ಕೈಯಿಂದಲೇ ಅವ್ವನನ್ನು ತಬ್ಬಿಕೊಂಡು ಅತ್ತಳು.

ಮನೆಗೆ ಬಂದರೆ, ಕಾಲೊನಿಯ ಭಜನೆ ಬಳಗಕ್ಕೆ ಹಿರಿಯರಾದ ಪಕ್ಕದ ಮನೆಯ ಸುಂದರಾಬಾಯಿ ಗೇಟಿನಲ್ಲೇ ಹಿಡಿದರು. "ಎಲ್ಲಿಗೆ ಹೋಗಿದ್ದಿ ವಿಶಾಲಾಕ್ಷಿ? ಶ್ರಾವಣದಾಗ ಭಜನಿ ತಪ್ಪಿಸಿದಿ!"

ಲಹರಿ ಗಾಬರಿಬಿದ್ದು, "ನನ್ನ ಕೈ ತೋರಿಸಾಕ ದವಾಖಾನಿಗೆ..." ಎಂದು ನಡುವೆ ಬಾಯಿ ಹಾಕಿದಳು. ವಿಶಾಲಾಕ್ಷಿ ಅವಳನ್ನು ಹಿಂದಕ್ಕೆ ಸರಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ತತ್ತಿ ಒಡಿಯಾಕ ಹೋಗಿದ್ನ್ರೀ ಅಕ್ಕಾರ. ಆರು ತತ್ತಿ ಒಡದೀನಿ. ನನ್ನ ಮಗಳು ಹಾವಿನ ವಿಷ ತಡದಾಳ."