ನೀರು ತಿಳಿಯಾಗುವ ತನಕ

ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಗಂಗಾಂಬಿಕಾ ಅಂಗಳಕ್ಕೆ ಬಂದಾಗ, ಅತ್ತೆ ಶಂಕ್ರಮ್ಮ ಬಣ್ಣದ ಹಂಡೆಯಲ್ಲಿ ರೇಷ್ಮೆ ನೂಲಿನ ಲಡಿಗಳನ್ನು ಕೋಲಿನಿಂದ ತಿರುವುತ್ತಿದ್ದಳು. ಮೈದುನ ಶಿವಕಾಂತ ಫೋನಿನಲ್ಲಿ ಹೇಳಿದ್ದು ಇಷ್ಟೇ: "ವೈನಿ, ಅಣ್ಣ ಹೋದ. ಗದ್ವಾಲದಾಗ, ನೇಕಾರರ ಮನ್ಯಾಗ, ಕುಂತಾಂವ ಕುಂತಂಗ. ಗಾಡ್ಯಾಗ ಕರಕೊಂಡು ಬರಾಕತ್ತೀನಿ. ಮಕ್ತಲ್ ದಾಟೀನಿ. ಅವ್ವಗ ನೀನ ಹೇಳು."

ಗಂಡ ಚಂದ್ರಕಾಂತ ಇನ್ನಿಲ್ಲವೆಂದು ಈಗ ಹೇಳುವಂತಿರಲಿಲ್ಲ. ಹಂಡೆ ಒಲೆಯ ಮೇಲಿತ್ತು. ನಾರಾಯಣಪೇಟೆಯ ಆ ಮನೆಯಲ್ಲಿ, ರೇಷ್ಮೆ ಬಣ್ಣವನ್ನೆಲ್ಲ ಕುಡಿದು ನೀರು ತಿಳಿಯಾಗುವ ತನಕ ಅಂಗಳದಲ್ಲಿ ಸಾವಿನ ಮಾತು ಆಡಬಾರದು. ಶಂಕ್ರಮ್ಮನ ತಂದೆ ತೀರಿದ ಸುದ್ದಿ ತಂದವನೂ ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕಾದಿದ್ದನಂತೆ. ಮದುವೆಯಾದ ಹೊಸದರಲ್ಲಿ ಗಂಗಾಂಬಿಕಾ ಇದನ್ನು ಕೇಳಿ ನಕ್ಕಿದ್ದಳು. ಈಗ ಫೋನನ್ನು ಸೆರಗಿನಲ್ಲಿ ಇನ್ನಷ್ಟು ಒಳಕ್ಕೆ ಸುತ್ತಿಕೊಂಡಳು.

ಫೋನು ಯಾರದೆಂದು ಶಂಕ್ರಮ್ಮ ಕೇಳಲಿಲ್ಲ. "ಕಾಗದ ಅದ್ದಿ ನೋಡು," ಎಂದಳು.

ಕಾಗದದ ಪಟ್ಟಿ ಎಂದಿನಂತೆ ಹಳದಿಯೇ ಇತ್ತು. ಆಮ್ಲ ಹೆಚ್ಚಾದರೆ ಕೆಂಪಾಗುವ ಆ ಪಟ್ಟಿಗಳು ಈ ಮನೆಗೆ ಬಂದದ್ದು ರಸಾಯನಶಾಸ್ತ್ರ ಓದಿದ ಸೊಸೆಯ ಜೊತೆಗೆ. ಮೊದಲೆಲ್ಲ ಆಮ್ಲ ಒಂದಿಷ್ಟು ಹೆಚ್ಚಾದರೂ ರೇಷ್ಮೆ ಗಬಕ್ಕನೆ ಬಣ್ಣ ಎಳೆದುಕೊಂಡು ಮಚ್ಚೆ ಮಚ್ಚೆಯಾಗುತ್ತಿತ್ತು. ಅವಳು ವಿನೆಗರನ್ನೂ ಅದರದೇ ಉಪ್ಪನ್ನೂ ಒಟ್ಟಿಗೆ ಕದಡಿಡುವುದನ್ನು ಕಲಿಸಿದಳು. ಆಮ್ಲ ಬಿದ್ದರೆ ಉಪ್ಪು ಹಿಡಿದುಕೊಳ್ಳುತ್ತದೆ, ಸೋಡಾ ಬಿದ್ದರೆ ವಿನೆಗರ್ ಹಿಡಿದುಕೊಳ್ಳುತ್ತದೆ. ನೀರು ಮಾತ್ರ ಏನೂ ಆಗದಂತೆ ಇರುತ್ತದೆ. "ನಿನ್ನ ಕಾಗದಕ್ಕ ಸಿಟ್ಟ ಬರಂಗಿಲ್ಲ ನೋಡು, ನಿನ್ನ ಗಂಡನಂಗ," ಎಂದು ಶಂಕ್ರಮ್ಮ ಆಗ ಚೇಷ್ಟೆ ಮಾಡಿದ್ದಳು.

ಇಂದು ಆ ತಾಳ್ಮೆಯೇ ಅಡ್ಡ ನಿಂತಿತ್ತು. ನೀರು ತಾನಾಗಿ ತಿಳಿಯಾಗುವ ಮೊದಲೇ ಗಾಡಿ ಬಾಗಿಲಿಗೆ ಬಂದುಬಿಡುತ್ತದೆ. ಮುಂಚೆ ಒಂದು ಮಾತೂ ಕಿವಿಗೆ ಬೀಳದೆ ಅತ್ತೆ ಮಗನ ಹೆಣವನ್ನೇ ಕಾಣಬೇಕಾಗುತ್ತದೆ. ಗಂಗಾಂಬಿಕಾ ಮೂಲೆಯಲ್ಲಿದ್ದ ಹಳೆಯ ಗಂಧಕಾಮ್ಲದ ಬಾಟಲಿ ತಂದಳು. ಶಂಕ್ರಮ್ಮ ಕಟ್ಟಿಗೆಗೆ ಬಗ್ಗಿದಾಗ, ನೀರು ಬೇಗ ತಿಳಿಯಾಗಲೆಂದು ಹಂಡೆಗೆ ಸ್ವಲ್ಪ ಸುರಿದಳು.

ಕಾಗದ ಹಳದಿ.

ಮತ್ತೆ ಸುರಿದಳು. ವಿನೆಗರಿನ ವಾಸನೆ ದಟ್ಟವಾಗಿ ಎದ್ದಿತು. ಆಮ್ಲವನ್ನು ಹಿಡಿದ ಉಪ್ಪೆಲ್ಲ ತಾನೇ ವಿನೆಗರ್ ಆಗುತ್ತಿತ್ತು. ಆದರೂ ಕಾಗದ ಹಳದಿ. ಏನೂ ಆಗುತ್ತಿಲ್ಲ ಎಂದಲ್ಲ, ಹಿಡಿದುಕೊಳ್ಳುವಂಥದ್ದು ಒಳಗೊಳಗೇ ತೀರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಕೋಲು ಅದೇ ನಿಧಾನದಲ್ಲಿ ತಿರುಗುತ್ತಿತ್ತು. ವಾಸನೆಗೆ ತನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಶಂಕ್ರಮ್ಮ ರೆಪ್ಪೆ ಮಿಟುಕಿಸುತ್ತಿರಲಿಲ್ಲ.

ಮತ್ತೊಮ್ಮೆ ಸುರಿದಳು. ಈ ಸಲ ಕಾಗದ ಅದ್ದಿದ ಕೂಡಲೇ ಕೆಂಪಾಯಿತು. ರೇಷ್ಮೆ ಒಂದೇ ಗುಟುಕಿಗೆ ಎಂಬಂತೆ ಬಣ್ಣ ಕುಡಿಯಿತು. ನೋಡನೋಡುತ್ತ ನೀರು ತೆಳುವಾಗಿ, ಹಂಡೆಯ ತಳ ಕಂಡಿತು.

"ಅತ್ತಿ," ಎಂದಳು ಗಂಗಾಂಬಿಕಾ.

ಶಂಕ್ರಮ್ಮ ಇತ್ತ ನೋಡಲಿಲ್ಲ. ಒಂದೆಳೆ ಕೆಟ್ಟರೂ ದಿನವಿಡೀ ಬೈಯುವವಳು, ಮಚ್ಚೆಬಿದ್ದ ಲಡಿಗಳನ್ನು ಮಾತಿಲ್ಲದೆ ಎತ್ತಿ ಬದಿಗೆ ಹಾಕಿದಳು. ಡಬ್ಬಿಯಿಂದ ಹೊಸ ಬಣ್ಣ ತೆಗೆದು ನೀರಿಗೆ ಸುರಿದಳು. ಹಂಡೆ ಮತ್ತೆ ಕೆಂಪಾಯಿತು. ಆಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ಚಂದ್ರಕಾಂತನ ಬಿಳಿ ಅಂಗಿಯನ್ನು ಎಳೆದು, ಮಡಿಕೆ ಬಿಡಿಸಿ, ಮೆಲ್ಲಗೆ ಹಂಡೆಯೊಳಗೆ ಇಳಿಸಿದಳು.

"ಅದು ಹತ್ತಿ ಅಂಗಿ, ಅತ್ತಿ. ಈ ಬಣ್ಣ ಹಿಡಿಯಂಗಿಲ್ಲ. ನೀರು ತಿಳಿ ಆಗಂಗಿಲ್ಲ."

"ಗೊತ್ತೈತಿ," ಎಂದಳು ಶಂಕ್ರಮ್ಮ.

ಓಣಿಯ ತಿರುವಿನಲ್ಲಿ ಗಾಡಿ ನಿಂತ ಸದ್ದಾಯಿತು. ಗಾಡಿಯ ಬಾಗಿಲು ತೆರೆದುಕೊಂಡಿತು. ಗಂಗಾಂಬಿಕಾ ಒಲೆಯ ಪಕ್ಕ ಕುಳಿತು, ಒಂದು ಕಟ್ಟಿಗೆಯನ್ನು ಉರಿಯೊಳಕ್ಕೆ ತಳ್ಳಿದಳು. ಕೋಲಿನ ತುದಿಗೆ ಅಂಗಿ ಮೇಲೆದ್ದು ಬಂತು. ಕೆಂಪು ಇಳಿದಿಳಿದು, ಕಾಲರಿನ ಅಂಚು ಬೆಳ್ಳಗಾಗುತ್ತಿತ್ತು.