ಕಾಲುವೆಗೆ ಎರಡು ಹಲಗೆ

ಕೃಷ್ಣೆಯ ನೀರು ಕಳ್ಳಕವಟಗಿಯ ಕಾಲುವೆಗೆ ಬಂದ ಮೇಲೆ ಬಸಗೊಂಡಪ್ಪನ ದ್ರಾಕ್ಷಿ ಚಿಗುರಿತು, ಅವನ ಸಂಶಯವೂ ಚಿಗುರಿತು. ಯಾರೋ ಗೊನೆ ಕಿತ್ತರೆಂದು ಹೊಲದ ಕಾಲುದಾರಿಗೆ ಮುಳ್ಳು ಬಡಿದ. ಕಿತ್ತದ್ದು ಗಿಳಿಯೋ ಮನುಷ್ಯರೋ, ವಿಚಾರಿಸಲು ಹೋಗಲಿಲ್ಲ. ಈಗ ನೀರಿನ ಚಿಂತೆ. ಪ್ರತಿ ಗುರುವಾರ, ಸರಿಯಾಗಿ ತನ್ನ ಪಾಳಿಯ ಹೊತ್ತಿಗೇ, ಕಾಲುವೆ ಸ್ವಲ್ಪ ಹೊತ್ತು ಬತ್ತುತ್ತಿತ್ತು. ಕಾಯಿ ದಪ್ಪಗಾಗುವ ಕಾಲ. ನೀರು ತಪ್ಪಿದರೆ ವರ್ಷದ ಬೆಳೆಯೇ ಹೋದಂತೆ.

ಕಳ್ಳ ಯಾರೆಂದೂ ಅವನು ತೀರ್ಮಾನಿಸಿಯಾಗಿತ್ತು. ಯುನುಸ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಡಿಗತನ ಮಾಡುವ ಈ ಮಹಾಶಯ ವಾರಕ್ಕೊಮ್ಮೆ, ಅದೂ ಗುರುವಾರವೇ, ಊರಿಗೆ ಬರುತ್ತಿದ್ದ. ಕಾಲುವೆ ಎದೆಮಟ್ಟ ಕೆಳಗೆ ಧುಮುಕುವ ಕಡೆ ಮೇಲೊಂದು, ಕೆಳಗೊಂದು, ಎರಡು ಹಲಗೆ ಕೂಡಿಸಿದ್ದ.

“ಏನಲೇ ಅದು?” ಎಂದು ಬಸಗೊಂಡಪ್ಪ ತಿಕೋಟಾ ಸಂತೆಯಲ್ಲಿ ಕೇಳಿದ್ದ.

“ದೋಣಿ ಏರಸಾಕ್ರಿ ಕಾಕಾ. ಹಿಂದಕ ನದಿಗೆ ಒಡ್ಡು ಹಾಕಿ ಕಾಲಿವಿಗೆ ನೀರು ತಿರುವತಿದ್ರಂತ. ಎರಡು ಬಾಗಲದ ನಡುವ ದೋಣಿ ನಿಂದ್ರಿಸಿ ನೀರು ತುಂಬಿದ್ರ, ಅದು ತಾನ ಮ್ಯಾಲ ಬರತೈತಿ.”

ನನ್ನ ಕಿವಿಯ ಮೇಲೇ ಹೂ ಇಡುತ್ತಾನೆ, ಎಂದುಕೊಂಡ ಬಸಗೊಂಡಪ್ಪ.

ಮುಂದಿನ ಗುರುವಾರ ನೀರು ಇಳಿದದ್ದೇ ತಡ, ಏರಿಯ ಮೇಲೆ ದಡದಡ ನಡೆದ. ಕೆಳಗಿನ ಹಲಗೆ ಮುಚ್ಚಿತ್ತು. ಮೇಲಿನ ಹಲಗೆಯ ಹತ್ತಿರ ಯುನುಸ ಬೆನ್ನು ಮಾಡಿ ನಿಂತಿದ್ದ. ಬಸಗೊಂಡಪ್ಪ ಕೂಗಲಿಲ್ಲ, ಅಡ್ಡ ಬೆಳೆದ ಜಾಲಿ ಕಂಟಿ ಸರಿಸಿ ಒಳಗೆ ಬಗ್ಗಿ ನೋಡಲೂ ಇಲ್ಲ. ಎರಡೂ ಕೈ ಹಾಕಿ ಕೆಳಗಿನ ಹಲಗೆ ಕಿತ್ತ.

ನೀರು ಭೋರೆಂದು ನುಗ್ಗಿತು. ಒಳಗೆ ಡ್ರಮ್ಮುಗಳ ತೆಪ್ಪವೊಂದು ಗೋಡೆಗೆ ಬಡಿದು ತಳಕ್ಕೆ ಕುಸಿಯಿತು. ಅದರ ಮೇಲೆ ಯುನುಸನ ತಾಯಿ ಇಮಾಮಬಿ, ಸೆರಗೆಲ್ಲ ತೊಯ್ದು, ಊದುಬತ್ತಿಯ ಪೊಟ್ಟಣವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ಮೇಲಿನ ದಿಬ್ಬದಲ್ಲಿ ಅವಳ ಗಂಡ ಲಾಡಲೇಸಾಬನ ಗೋರಿ. ಅಲ್ಲಿಗೆ ಹತ್ತಿರದ ದಾರಿ ಬಸಗೊಂಡಪ್ಪ ಮುಳ್ಳು ಬಡಿದದ್ದೇ. ಸುತ್ತಿನ ಹಾದಿ ಅವಳ ಮೊಣಕಾಲಿಗೆ ಆಗದು.

ಬಸಗೊಂಡಪ್ಪ ಕಿತ್ತ ಹಲಗೆಯನ್ನು ಏರಿಯ ಮೇಲೆ ಇಟ್ಟ. ನಾಚಿಕೆಯಿಂದ ಕೈ ಚಾಚಿದ. “ಯವ್ವಾ, ಕೈ ಕೊಡ್ರಿ. ನಮ್ಮ ಹೊಲದಾಗಿಂದನ ಹೋಗೂಣು. ಮುಳ್ಳು ಈಗ ತಗೀತೀನಿ.”

“ಬ್ಯಾಡಪ್ಪಾ. ಹೊಲದಾಗ ಕಾಲಿಡಬ್ಯಾಡ ಅಂದಿದ್ದಿ, ಇಟ್ಟಿಲ್ಲ” ಎಂದಳು ಇಮಾಮಬಿ. “ಹಲಗಿ ಹಾಕು. ನೀರು ತುಂಬೂತನಾ ಕುಂದರತೀನಿ.”

ಬಸಗೊಂಡಪ್ಪ ಕಾಲುವೆಗೆ ಇಳಿದು ಹಲಗೆ ಕೂಡಿಸಿದ, ಅದು ಜಾರದಂತೆ ಬೆನ್ನು ಕೊಟ್ಟು ನಿಂತ. ದ್ರಾಕ್ಷಿಯ ಕಡೆಗೆ ಹರಿಯಬೇಕಾದ ಅವನ ಪಾಳಿಯ ನೀರು ಅವನ ಕಣ್ಣೆದುರೇ ಬತ್ತಿತು. ಹಿಂದೆ ತೆಪ್ಪ ಮೇಲೇರುತ್ತಿರುವುದು ಬೆನ್ನಿನ ಮೇಲಿನ ಭಾರದಿಂದಲೇ ಅವನಿಗೆ ತಿಳಿಯುತ್ತಿತ್ತು.